ಹನ್ನೊಂದನೇ ನಂಬರಿನ ಗಂಡು

ರಾಣೆಬೆನ್ನೂರಿನ ಆ ಬೀಜದ ಕಂಪನಿಯಲ್ಲಿ ಮೆಣಸಿನ ತಳಿಗಳಿಗೆ ಹೆಸರಿಲ್ಲ, ಬರೀ ನಂಬರು. ಗಂಡಿನ ಸಾಲು, ಹೆಣ್ಣಿನ ಸಾಲು ಅಂತ ಸಸಿ ಕೊಡುತ್ತಾರೆ. ಅವು ಯಾವ ತಳಿ ಅಂತ, ಗಂಡಿನ ಪರಾಗವನ್ನು ಹೆಣ್ಣಿನ ಹೂವಿಗೆ ಮುಟ್ಟಿಸಿ ಕ್ರಾಸಿಂಗ್ ಮಾಡುವ ರೈತನಿಗೂ ಹೇಳುವುದಿಲ್ಲ. ಅಸಲಿ ಹೆಸರಿನ ಪಟ್ಟಿ ಆಫೀಸಿನ ಒಂದೇ ಒಂದು ಕಂಪ್ಯೂಟರಿನ ಡೇಟಾಬೇಸಿನಲ್ಲಿತ್ತು, ಅದರ ಪಾಸ್‌ವರ್ಡ್ ದುರುಗೇಶನೊಬ್ಬನಿಗೇ ಗೊತ್ತು. ಹಾವೇರಿಯ ಇನ್ನೊಂದು ಕಂಪನಿಯವರು ಇವರ ಹನ್ನೊಂದನೇ ನಂಬರಿನ ಗಂಡು ತಳಿಯನ್ನೇ ತಮ್ಮ ಕ್ರಾಸಿಂಗಿಗೆ ಬಳಸತೊಡಗಿದಾಗ ಮ್ಯಾನೇಜರ್ ಅಣ್ಣಾಜಿಯವರು ಅವನನ್ನು ಎದುರಿಗೆ ನಿಲ್ಲಿಸಿಕೊಂಡರು.

"ಕೀಲಿ ನಿನ್ನ ಕೈಯಾಗ ಅದ. ಮತ್ಯಾರು ಹೇಳ್ತಾರ? ನಾಳಿಂದ ಬರಬ್ಯಾಡ."

"ದೇವರಾಣಿ, ನಾ ಹೇಳಿಲ್ರಿ ಸರ್," ಅಂದ ದುರುಗೇಶ.

ಅದೇ ಕಂಪ್ಯೂಟರಿನಲ್ಲಿ ಬಿಲ್ ಹೊಡೆಯುತ್ತಿದ್ದ ನಾಗರತ್ನಾಳ ಕೈ ನಿಂತಿತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಇವಳನ್ನು ಯಾರೂ ಅನ್ನಲೇ ಇಲ್ಲ, ಆದರೂ ಹೆಗಲು ಉರಿಯಿತು.

ದುರುಗೇಶ ಪಟ್ಟಿ ತೆಗೆದಾಗಲೆಲ್ಲ ಆ ಸಾಫ್ಟ್‌ವೇರ್ ತನ್ನ ಅನುಕೂಲಕ್ಕೆ ಅದರ ನಕಲೊಂದನ್ನು ಟೆಂಪ್ ಫೋಲ್ಡರಿಗೆ ಇಳಿಸುತ್ತಿತ್ತು, ಕೆಲಸ ಮುಗಿದರೂ ಅಳಿಸುತ್ತಿರಲಿಲ್ಲ. ಅಲ್ಲಿ ಪಾಸ್‌ವರ್ಡೂ ಇಲ್ಲ, ಗೀಸ್‌ವರ್ಡೂ ಇಲ್ಲ. ಕಳೆದುಹೋದ ಬಿಲ್ಲೊಂದನ್ನು ಹುಡುಕುತ್ತ ನಾಗರತ್ನಾ ಅದನ್ನು ಕಂಡಿದ್ದಳು. ಐರಣಿ ಊರಿನಲ್ಲಿ ತನ್ನ ಮನೆಯವರು ಇದೇ ಕಂಪನಿಗೆ ಕ್ರಾಸಿಂಗ್ ಮಾಡುತ್ತಿದ್ದ ಹೊಲದ ಹನ್ನೊಂದನೇ ನಂಬರಿನ ಗಂಡು ಯಾವುದೆಂದು ನೋಡಿ, ರಾತ್ರಿ ಊಟಕ್ಕೆ ಕೂತಾಗ ಅವ್ವನಿಗೆ ಹೇಳಿದ್ದಳು. ಜಯವ್ವನ ಬಾಯಲ್ಲಿ ಎಳ್ಳುಕಾಳೂ ನೆನೆಯುವುದಿಲ್ಲ. ಮರುದಿನವೇ ಕ್ರಾಸಿಂಗಿಗೆ ಬಂದ ಹೆಣ್ಣುಮಕ್ಕಳೆದುರು, "ಇಷ್ಟೆಲ್ಲಾ ಗುಟ್ಟು ಮಾಡಿ ಕಡೀಕ ನಮ್ಮ ಬ್ಯಾಡಗಿ ಕಡ್ಡಿ ಮೆಣಸಿನಕಾಯೀನ ಅಂತ ನೋಡ್ರವಾ!" ಅಂತ ನಕ್ಕಿದ್ದಳು. ಅವರಲ್ಲಿ ಇಬ್ಬರು ಆ ಹಾವೇರಿ ಕಂಪನಿಯ ಹೊಲಕ್ಕೂ ಕೂಲಿಗೆ ಹೋಗುವವರು.

ಹೇಳಿದರೆ ತನ್ನ ಕೆಲಸ ಹೋಗುತ್ತದೆ, ಬಾಯಿ ಮುಚ್ಚಿಕೊಂಡರೆ ದುರುಗೇಶನದು. ಖರೇ ಹೇಳಬೇಕೆಂದರೆ, ಸುಮ್ಮನಿದ್ದುಬಿಡೋಣ ಅಂತಲೇ ಅವಳಿಗೆ ಅನ್ನಿಸಿತು. ಅಷ್ಟರಲ್ಲಿ ದುರುಗೇಶ ಬುತ್ತಿಚೀಲ ಹಿಡಿದು ಚಪ್ಪಲಿ ಮೆಟ್ಟತೊಡಗಿದ.

"ಸರ್, ಇಲ್ಲಿ ನೋಡ್ರಿ," ಅಂದಳು ನಾಗರತ್ನಾ, ಆ ಟೆಂಪ್ ಫೋಲ್ಡರ್ ತೆರೆದು ತೋರಿಸುತ್ತ.

ಅಣ್ಣಾಜಿಯವರು ಕನ್ನಡಕ ಏರಿಸಿ ನೋಡಿದರು. "ಯಾವಾಗಿಂದ ಹಿಂಗ ತೆರೆದು ಬಿದ್ದದ ಇದು?"

"ನನಗ ಗೊತ್ತಾಗಿ ಮೂರು ತಿಂಗಳಾತ್ರಿ. ನೋಡೇನಿ. ಮನ್ಯಾಗೂ ಹೇಳೇನಿ."

ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದಂತೆ ಅಂದೇ ಆ ಫೋಲ್ಡರನ್ನು ಬಂದ್ ಮಾಡಿಸಿದರು. ದುರುಗೇಶ ಅವಳ ಮುಖ ನೋಡದೆ ಹೋಗಿ ತನ್ನ ಕುರ್ಚಿಯಲ್ಲಿ ಕೂತ.

ಮಧ್ಯಾಹ್ನದ ಬಸ್ಸಿಗೇ ಮನೆಗೆ ಬಂದ ಮಗಳನ್ನು ಕಂಡು ಜಯವ್ವ ಗಾಬರಿಯಾದಳು. "ಯಾಕವಾ, ಇಷ್ಟು ಲಗೂ ಬಂದಿ?"

"ಕೆಲಸದಿಂದ ತಗದ್ರವ್ವಾ. ಕಡ್ಡಿ ಮೆಣಸಿನಕಾಯಿ ಮಾತು ಹೊರಗ ಹೋತಂತ."

"ಅಯ್ಯ ಶಿವನ! ಯಾರ ಹಚ್ಚಿಕೊಟ್ಟಾರ? ಅವರ ನಾಲಿಗಿ ಬಿದ್ದು ಹೋಗ್ಲಿ!"

"ಹಂಗನ್ನಬ್ಯಾಡ ಬಿಡವ್ವಾ," ಅಂದು ನಾಗರತ್ನಾ ಕೈಕಾಲು ತೊಳೆಯಲು ಹಿತ್ತಲಿಗೆ ಹೋದಳು.