ಬಿಚ್ಚದ ಗುಂಡಗಡಗಿ

ಮಸ್ಕಿಯ ಬಸ್‌ಸ್ಟ್ಯಾಂಡಿನ ಹಿಂದೆ ಜಬೀವುಲ್ಲಾನ ಅಂಗಡಿ. ಬೋರ್ಡಿಲ್ಲ, ಬೇಕಾಗಿಯೂ ಇಲ್ಲ. ಜಾಮಾಗಿ ಕೂತ ತಿರುಪು ಯಾವುದೇ ಇರಲಿ, ಹೊಳಪಿನ ಮೇಲೆ ಒಂದು ಗೀರೂ ಬೀಳದಂತೆ ಬಿಚ್ಚಿಕೊಡುವವನು ಈ ಸೀಮೆಯಲ್ಲಿ ಅವನೊಬ್ಬನೇ. ಹಟ್ಟಿಯಿಂದ, ವಳಕಮದಿನ್ನಿಯಿಂದ ಹುಡುಕಿಕೊಂಡು ಬರುತ್ತಾರೆ. ಬರುವ ಮುಂಚೆ ಮನೆಯಲ್ಲೇ ಪಕ್ಕಡ್ ಹಾಕಿ ಜಗ್ಗಿ, ಸಾಮಾನಿನ ಮೈತುಂಬ ಹಲ್ಲಿನ ಗುರುತು ಮಾಡಿಕೊಂಡೇ ಬರುತ್ತಾರೆ. ಅಂಥವರಿಗೆ ಹೊಟ್ಟೆತುಂಬ ಬೈದ ಮೇಲೆಯೇ ಅವನು ಕೆಲಸಕ್ಕೆ ಕೂಡುವುದು.

ಆವತ್ತು ಮಧ್ಯಾಹ್ನ ಬಂದವಳನ್ನು ಬೈಯಲು ಅವನಿಗೆ ಬಾಯಿ ಬರಲಿಲ್ಲ. ಸಂತೆಕಲ್ಲೂರಿನ ಕಸ್ತೂರೆಮ್ಮ, ಐವತ್ತು ದಾಟಿದ ಹೆಂಗಸು. ಶೇರ್ ಆಟೋ ಇಳಿದು ಅಂಗಡಿ ಮುಟ್ಟುವಷ್ಟರಲ್ಲಿ ಏದುಸಿರು ಬಿಡುತ್ತಿದ್ದಳು. ಸೆರಗಿನ ಗಂಟು ಬಿಚ್ಚಿ ಬೆಳ್ಳಿಯ ಗುಂಡಗಡಗಿ ತೆಗೆದಳು. ಲಿಂಗಾಯತರು ಇಷ್ಟಲಿಂಗವನ್ನು ಒಳಗಿಟ್ಟು ಕೊರಳಿಗೆ ಕಟ್ಟಿಕೊಳ್ಳುವ ಕರಡಿಗೆ ಅದು. ನಿಂಬೆಹಣ್ಣಿನಷ್ಟು ದಪ್ಪ, ತಿರುಗಿಸಿ ಹಾಕುವ ಮುಚ್ಚಳ.

"ನಮ್ಮ ಮನಿಯವ್ರದು," ಎಂದಳು. "ಅವರು ತೀರಿಕೊಂಡು ಹನ್ನೊಂದು ದಿನ ಆತು. ಅವತ್ತಿಂದ ಇದು ಬಿಚ್ಚವಲ್ದು. ಲಿಂಗಸುಗೂರಾಗ ಕೊಯ್ಯಬೇಕು ಅಂದ್ರು, ಸಿಂಧನೂರಾಗ ಕಾಸಬೇಕು ಅಂದ್ರು. ಕಾಸಿದ್ರ ಒಳಗ ಲಿಂಗದ ಮ್ಯಾಲಿನ ಕರಿ ಲೇಪ ಕರಗತೈತಿ ಅಣ್ಣಾ. ಲೇಪ ಹೋದ್ರ ಪೂಜಿಗೆ ಬರಂಗಿಲ್ಲ. ಪೂಜಿ ಇಲ್ಲದ ನಾ ಉಣ್ಣಂಗಿಲ್ಲ."

"ಹಂಗಾದ್ರ ಹನ್ನೊಂದು ದಿನದಿಂದ?"

"ಹಾಲು ಕುಡದೀನಿ. ಬಾಳೆಹಣ್ಣು ತಿಂದೀನಿ. ನಿನ್ನಿಯಿಂದ ಅದೂ ಸೇರವಲ್ದು."

ಅವಳ ಕೊರಳಲ್ಲೂ ಅಂಥದ್ದೇ ಒಂದು ಗುಂಡಗಡಗಿ ತೂಗುತ್ತಿತ್ತು. ತನ್ನ ಲಿಂಗ ತನ್ನ ಕೊರಳಲ್ಲೇ ಇರುವಾಗ ಗಂಡನ ಲಿಂಗ ಯಾಕೆ ಬೇಕು ಎಂದು ಜಬೀವುಲ್ಲಾನಿಗೆ ಅನಿಸಿತು. ಕೇಳಲಿಲ್ಲ. ಇನ್ನೊಬ್ಬರ ಮನೆಯ ದೇವರ ವಿಷಯದಲ್ಲಿ ಮೂಗು ತೂರಿಸುವ ಚಾಳಿ ಅವನದಲ್ಲ.

ಕೈಕಾಲು ತೊಳೆದು ಬಂದು ಹೊಸ ಟವೆಲ್ ಹಾಸಿದ. ಮೂವತ್ತು ವರ್ಷದಿಂದ ಹಿಡಿತಕ್ಕೆ ಬಳಸುತ್ತಿದ್ದ ಚರ್ಮದ ಪಟ್ಟಿಯನ್ನು ಮಾತ್ರ ಸದ್ದಿಲ್ಲದೆ ಒಳಗೆ ಸರಿಸಿ, ಸೈಕಲ್ ಟ್ಯೂಬಿನ ರಬ್ಬರ್ ಕತ್ತರಿಸಿಕೊಂಡ. ಸೀಮೆಎಣ್ಣೆ ಬಿಡುವಂತಿಲ್ಲ, ಒಳಗಿಳಿದರೆ ಲೇಪ ಕೆಡುತ್ತದೆ. ಬೆಂಕಿ ಕೂಡದು, ಸುತ್ತಿಗೆಯೂ ಕೂಡದು. ಉಳಿದದ್ದು ಅಂಗೈಯ ಬಿಸಿ ಮತ್ತು ತಾಳ್ಮೆ.

"ಬೆಳ್ಳಿ ನಾ ಹಿಡೀತೀನಿ ಅಕ್ಕಾ. ಬಿಚ್ಚಿದ ಮ್ಯಾಲ ಒಳಗಿಂದು ನೀವ ಮುಟ್ರಿ."

ಅವಳ ಹಣೆಯ ವಿಭೂತಿಯನ್ನೇ ಚೂರು ಬೇಡಿ, ಮುಚ್ಚಳ ಮತ್ತು ಬುಡ ಸೇರುವಲ್ಲಿ ಒಂದು ಗೆರೆ ಎಳೆದ. ಗುರುತು ಹಾಕಲು ಮೊಳೆ ತಾಗಿಸಿದರೆ ಬೆಳ್ಳಿ ಗೀರುತ್ತದಲ್ಲ. ರಬ್ಬರ್ ಸುತ್ತಿ, ಮೊದಲು ಕೂದಲೆಳೆಯಷ್ಟು ಬಿಗಿ ಮಾಡಿದ, ಆಮೇಲೆ ಸಡಿಲ ಮಾಡಿದ. ಬೇವಿನ ಕೋಲಿನಿಂದ ಸುತ್ತಲೂ ಮೆಲ್ಲಗೆ ತಟ್ಟಿದ. ಮತ್ತೆ ಬಿಗಿ, ಮತ್ತೆ ಸಡಿಲ. ಅರ್ಧ ತಾಸಿಗೆ ವಿಭೂತಿಯ ಗೆರೆ ಎರಡಾಯಿತು. ನಡುವೆ ಜೋಳದ ಕಾಳಿನಷ್ಟು ಸಂದು.

"ಬಂತು. ನಮಾಜ್ ಮುಗಿಸಿ ಬರ್ತೀನಿ. ಮುಟ್ಟಬ್ಯಾಡ್ರಿ," ಎಂದು ಎದ್ದುಹೋದ.

ತಿರುಗಿ ಬಂದಾಗ ಕಸ್ತೂರೆಮ್ಮ ಗೋಡೆಗೊರಗಿ ಕಣ್ಣುಮುಚ್ಚಿದ್ದಳು. ಗುಂಡಗಡಗಿ ಟವೆಲ್ಲಿನ ಮೇಲೆ ಅವನಿಟ್ಟಲ್ಲೇ ಇತ್ತು. ಎರಡು ಗೆರೆ ಮಾತ್ರ ಕೂಡಿ ಒಂದಾಗಿದ್ದವು.

"ಮುಟ್ಟಿದ್ರೇನು?"

"ಇಲ್ಲಣ್ಣಾ."

ಸುಳ್ಳು ಹೇಳುವ ತ್ರಾಣವೂ ಅವಳಲ್ಲಿದ್ದಂತೆ ಕಾಣಲಿಲ್ಲ. ಅವನು ಮತ್ತೆ ಹಿಡಿದ. ಈ ಸಲ ಬೇಗ ಬಂತು, ಅದೇ ಜೋಳದ ಕಾಳಿನಷ್ಟು. ಕೈ ಬಿಟ್ಟು ನೋಡುತ್ತ ಕೂತ. ಬಿಸಿಲು ಬಾಗಿಲಲ್ಲೇ ಇತ್ತು, ಹೊರಗೆ ಲಿಂಗಸುಗೂರು ಬಸ್ಸಿನ ಕಂಡಕ್ಟರ್ ಕೂಗುತ್ತಿದ್ದ. ಅವನ ಕಣ್ಣೆದುರಿಗೇ ಮುಚ್ಚಳ ನಿಧಾನವಾಗಿ ಹಿಂದಕ್ಕೆ ತಿರುಗಿ ಗೆರೆಗೆ ಗೆರೆ ಕೂಡಿಸಿ ನಿಂತಿತು.

ಜಬೀವುಲ್ಲಾನಿಗೆ ಹೆದರಿಕೆಯಾಯಿತು. ಜಂಗು ಹಿಡಿದ ತಿರುಪಿನ ಹಟ ಅವನಿಗೆ ಗೊತ್ತು. ಇದು ಹಟವಲ್ಲ, ಹಿಡಿತ.

"ಅಕ್ಕಾ, ಇದು ಜಾಮ್ ಆಗಿಲ್ಲ," ಎಂದ, ದನಿ ತಗ್ಗಿಸಿ. "ಒಳಗಿಂದ ಯಾರೋ ಹಿಡದಾರ. ಏನಾಗೈತಿ, ಖರೇ ಹೇಳ್ರಿ."

ಕಸ್ತೂರೆಮ್ಮ ತನ್ನ ಕೊರಳಿನ ಗುಂಡಗಡಗಿಯ ಮುಚ್ಚಳ ತೆಗೆದು ತೋರಿಸಿದಳು. ಖಾಲಿ.

"ಮಣ್ಣು ಕೊಡೋ ಹೊತ್ತಿಗೆ ಅವರ ಎಡಗೈಯಾಗ ಲಿಂಗ ಇಡಬೇಕು. ಅವರದು ಬಿಚ್ಚಲಿಲ್ಲ. ಹೊಸಾದು ತರಿಸ್ರಿ ಅಂದ್ರು ಸ್ವಾಮ್ಯಾರು. ನಾ ಸೆರಗು ಮರೆ ಮಾಡಿ ನಂದ ತೆಗೆದು ಇಟ್ಟೆ. ಹೊಸಾದ ಬಂತು ಅಂತ ತಿಳಕೊಂಡ್ರು ಎಲ್ಲಾರೂ." ಸ್ವಲ್ಪ ಸುಧಾರಿಸಿಕೊಂಡಳು. "ಲಿಂಗ ಅಂದ್ರ ಜೀವ. ಜೀವ ಮೊದಲ ಕಳಿಸೀನಿ, ಹಿಂದ ನಾನೂ ಬರ್ತೀನಿ ಅಂತ ಅವರ ಕಿವ್ಯಾಗ ಹೇಳಿದೆ. ಆಮ್ಯಾಲ ಮನ್ಯಾಗ ಒಬ್ಬಾಕಿನ ಕುಂತಾಗ ಅಂಜಿಕಿ ಬಂತಣ್ಣಾ. ಅವರದಾದ್ರೂ ಸಿಕ್ರ ಪೂಜಿ ಮಾಡಿ ಉಳೀತೀನಿ. ಸಿಗದಿದ್ರ ಹೀಂಗ ಹೋಗೂದ."

ತಾನು ಮೊದಲು ಹೋದರೆ ಹೆಂಡತಿ ಮುಸರತ್ ಕೂಡ ಹೀಗೇ ಒಬ್ಬಳೇ ಕೂರುತ್ತಾಳಲ್ಲ ಎಂದು ಜಬೀವುಲ್ಲಾನಿಗೆ ಅನಿಸಿತು. ಟವೆಲ್ಲನ್ನು ಕಸ್ತೂರೆಮ್ಮನ ಮುಂದೆ ಸರಿಸಿ ಬುಡವನ್ನು ತಾನು ಹಿಡಿದ.

"ನೀವ ಹಚ್ರಿ ಕೈ."

ಅವಳು ಮುಚ್ಚಳದ ಮೇಲೆ ಬೆರಳಿಟ್ಟಳು. ತಿರುಗಿಸಲಿಲ್ಲ. "ನಾ ದುಡುಕಿ ಹೇಳಿದ್ದು ಆ ಮಾತು," ಎಂದಳು, ಪಕ್ಕದಲ್ಲೇ ಕೂತ ಗಂಡನಿಗೆ ಹೇಳುವಷ್ಟು ಸಣ್ಣ ದನಿಯಲ್ಲಿ. "ನನಗ ಇನ್ನೂ ಇರಬೇಕನ್ನಸ್ತೈತ್ರಿ. ಬಿಡ್ರಿ."

ಬೆರಳು ತೆಗೆದಳು. ಮುಚ್ಚಳ ತಾನಾಗಿ ತಿರುಗಿತು. ಒಂದು ಸುತ್ತು, ಎರಡು ಸುತ್ತು, ಮೂರನೆಯದಕ್ಕೆ ಕಳಚಿ ಟವೆಲ್ ಮೇಲೆ ಬಿತ್ತು. ಬುಡ ಹಿಡಿದಿದ್ದ ಜಬೀವುಲ್ಲಾನ ಅಂಗೈ ಮಣ್ಣಿನ ಕೊಡದ ನೀರು ಸೋಕಿದಷ್ಟು ತಣ್ಣಗಾಗಿತ್ತು. ತಿರುಪಿನ ಸಾಲುಗಳ ತುಂಬ ಎರೆಮಣ್ಣು, ಅದೂ ಹಸಿ.

ಕಸ್ತೂರೆಮ್ಮ ಲಿಂಗವನ್ನು ಎಡಗೈಗೆ ತೆಗೆದುಕೊಂಡಳು. ಹೆಬ್ಬೆರಳಿನಿಂದ ಮಣ್ಣು ಒರೆಸಿದಳು, ಬಾಗಿಲ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದಳು.

"ಇದು ಅವರದಲ್ಲಣ್ಣಾ," ಎಂದಳು. "ನಂದು. ಮೂವತ್ತು ವರ್ಷ ದಿನಾ ಹಿಡದ ಕೈಗೆ ಗೊತ್ತಾಗಂಗಿಲ್ಲೇನು? ನನ್ನ ಕೈಯಾರ ಅವರ ಅಂಗೈಯಾಗ ಇಟ್ಟು ಮುಷ್ಟಿ ಮುಚ್ಚಿ ಬಂದಿದ್ದೆ."

"ಹಂಗಾದ್ರ ಅವರದು?"

"ಅವರದು ಅವರ ಹಂತ್ಯಾಕ ಇರಬೇಕು." ಅವಳ ಕಣ್ಣಿಂದ ನೀರಿಳಿಯತೊಡಗಿತು. "ನಂದು ನನಗ ತಿರುಗಿ ಕೊಟ್ಟಾರ. ನಾ ಬರಾಕ ಒಲ್ಲೆ ಅನ್ನೂತನಕ ಹಿಡಕೊಂಡು ಕುಂತಿದ್ರು ನೋಡು."

ಅಲ್ಲೇ ಕಟ್ಟೆಯ ಮೇಲೆ, ಸ್ಪ್ಯಾನರ್‌ಗಳ ನಡುವೆ ಪದ್ಮಾಸನ ಹಾಕಿ ಕೂತು ಅವಳು ಪೂಜೆ ಮಾಡಿದಳು. ಜಬೀವುಲ್ಲಾ ಅಂಗಡಿ ಬಿಟ್ಟು ಹೊರಗೆ ಬಿಸಿಲಲ್ಲಿ ನಿಂತಿದ್ದ. ಅವನ ಕೈ ಇನ್ನೂ ತಣ್ಣಗೇ ಇತ್ತು.

ಪೂಜೆ ಮುಗಿಸಿ ಹೊರಬಂದ ಕಸ್ತೂರೆಮ್ಮ ಸಂತೆಕಲ್ಲೂರಿಗೆ ಆಟೋ ಯಾವ ಹೊತ್ತಿಗೆ ಎಂದು ಕೇಳಿದಳು.

"ಈಗ ಬರತೈತಿ. ಯಾಕಕ್ಕಾ, ಗಡಿಬಿಡಿ?"

"ಹಸಿವ್ಯಾಗೈತಿ," ಎಂದಳು. "ಮನ್ಯಾಗ ಹಿಟ್ಟೈತಿ. ಹೋಗಿ ಎರಡು ರೊಟ್ಟಿ ಬಡೀತೀನಿ."