ಚಿಕ್ಕಿಗಳ ಛತ್ತು

ನಾಲ್ಕನೇ ಮನೆಯ ಬಾಗಿಲಿಗೆ ಬರುವ ಹೊತ್ತಿಗೆ ಕಾಶವ್ವನ ಹೊಟ್ಟೆಯಲ್ಲಿ ಮೂರು ಲೋಟ ನೀರು ಸೇರಿತ್ತು. ಬಾಯಾರಿಕೆ ಏನೂ ಇರಲಿಲ್ಲ. ಗುರುತಿಲ್ಲದವರ ಮನೆಯೊಳಗೆ ಎರಡು ನಿಮಿಷ ಕೂತು ಬರಲು ನೀರಿಗಿಂತ ಒಳ್ಳೆಯ ನೆಪ ಅವಳಿಗೆ ತಿಳಿದಿರಲಿಲ್ಲ, ಅಷ್ಟೆ. ಅವಳ ಹಿಂದೆ ಸೊಸೆ ರೇಣು ಸೆರಗಿನ ಚುಂಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ನಿಂತಿದ್ದಳು. ಈ ಬಾಗಿಲ ಮೇಲೆ ಈರಬಸಪ್ಪ ಎಂಬ ಹಿತ್ತಾಳೆಯ ಫಲಕವಿತ್ತು.

"ಅತ್ತಿ, ಸಾಕ್ರಿ. ಮೂರೂ ಮನಿಯವರು ಚಲೋನ ಹೇಳ್ಯಾರ. ಕಾಕಾಗ ಗೊತ್ತಾತಂದ್ರ ಏನ ತಿಳಕೋತಾರ?"

"ಏನರ ತಿಳಕೊಳ್ಳಲಿ. ನಿನ್ನ ಸೊಸಿ ಅಂತ ತರೂ ಮುಂದ ನಿಮ್ಮೂರ ಬಾವಿಕಟ್ಟಿ ಮ್ಯಾಲೆ ನಾ ಅರ್ಧಾ ದಿನ ಕುಂತು ನಿನ್ನ ವಿಚಾರಿಸಿದ್ದೆ," ಎಂದಳು ಕಾಶವ್ವ. "ಮನಿ ಹೆಂಗದ ಅಂತ ಕಟ್ಟಿದವನ್ನ ಕೇಳಬಾರದವಾ. ಹತ್ತ ವರ್ಷ ಅದರಾಗ ಮಲಗಿ ಎದ್ದವರನ್ನ ಕೇಳಬೇಕು. ಕಟ್ಟಿದವನ ಹೆಂಡತಿ ಆದರೂ ಸೈ."

ಕೊಂಢವಾ ಬಡಾವಣೆಯ ಈ ಐದು ಮಾಳಿಗೆಯ ಕಟ್ಟಡವನ್ನು ಈರಬಸಪ್ಪ ಹನ್ನೊಂದು ವರ್ಷದ ಹಿಂದೆ ಕಟ್ಟಿಸಿದ್ದರು. ಈಗ ತಳೇಗಾಂವದಲ್ಲಿ ಹೊಸದೊಂದನ್ನು ಕಟ್ಟಿ ಮುಗಿಸಿದ್ದರು. ಅದರ ಮೂರನೇ ಮಾಳಿಗೆಯ ಮನೆ ನಾಳೆ, ಸೋಮವಾರ, ರೇಣುವಿನ ಗಂಡ ಬಸವಲಿಂಗನ ಹೆಸರಿಗೆ ನೋಂದಣಿಯಾಗುವುದಿತ್ತು. ಇಪ್ಪತ್ತು ವರ್ಷದ ಹಿಂದೆ ಬಸವಲಿಂಗ ಒಂದು ಟ್ರಂಕು ಹಿಡಿದು ವಿಜಯಪುರದ ಬಸ್ಸಿನಿಂದ ಇಳಿದಾಗ ಅನ್ನ ಹಾಕಿದವರು, ತಳೇಗಾಂವದ ಕಾರ್ಖಾನೆಯಲ್ಲಿ ಸ್ಟೋರ್ ಗುಮಾಸ್ತನ ಕೆಲಸ ಕೊಡಿಸಿದವರು ಇದೇ ಈರಬಸಪ್ಪ ಕಾಕಾ. ಹೀಗಾಗಿ ಮನೆ ಹುಡುಕುವ ಮಾತು ಬಂದಾಗ ಬಸವಲಿಂಗ ಬೇರೆ ಬಿಲ್ಡರನ ಹೊಸ್ತಿಲನ್ನೂ ತುಳಿಯಲಿಲ್ಲ. ನಮ್ಮವರು, ನಮ್ಮ ಭಾಷೆ, ನಮ್ಮ ಮಠ. ಇನ್ನೇನು ಬೇಕು? ಮಠದಲ್ಲಿ ಹಿರಿಯರೆದುರಿಗೆ ಕಾಕಾ ಎಲೆ ಅಡಿಕೆ ಕೊಟ್ಟರು, ಇವನು ಕಣ್ಣಿಗೊತ್ತಿಕೊಂಡು ತೆಗೆದುಕೊಂಡ. ಎಲೆ ಹಿಡಿದ ಮೇಲೆ ಮಾತು ಕೊಟ್ಟಂತೆ. ಆಮೇಲೆ ಹಿಂದೆ ಸರಿದವನನ್ನು ಆ ಜನ ಪಂಕ್ತಿಯಲ್ಲಿ ಕೂಡಿಸಿದರೂ ಮನಸ್ಸಿನಲ್ಲಿ ಕೂಡಿಸುವುದಿಲ್ಲ. ಆ ಎಲೆ ಈಗ ಹಡಪಸರದ ಬಾಡಿಗೆ ಮನೆಯಲ್ಲಿ, ದೇವರ ಜಗಲಿಯ ಮೇಲೆ ಒಣಗುತ್ತಿತ್ತು.

ರೇಣುವಿಗೆ ಕಾಕಾನ ಮೇಲೆ ಸಂಶಯವೇನೂ ಇರಲಿಲ್ಲ. ಅವಳಿಗಿದ್ದದ್ದು ಬರೀ ಭಯ. ಕಳೆದ ಶ್ರಾವಣದಲ್ಲಿ ಒಂದು ಬೆಳಿಗ್ಗೆ, ಬಾಡಿಗೆ ಮನೆಯ ಛತ್ತಿನಿಂದ ಕಡಪಾ ಕಲ್ಲಿನಷ್ಟು ದಪ್ಪನೆಯ ಗಾರೆಯ ಗಿಲಾವು ಕಳಚಿ, ಆಗ ಮುಂದಿನ ಹಾಲಿನಲ್ಲೇ ಮಲಗುತ್ತಿದ್ದ ಮಗಳ ತಲೆದಿಂಬಿನ ಮೇಲೆ ಬಿದ್ದಿತ್ತು. ಹತ್ತು ವರ್ಷದ ಶಿವಾನಿ ಆಗಷ್ಟೇ ಹಲ್ಲುಜ್ಜಲು ಎದ್ದು ಹೋಗಿದ್ದಳು. ಬಾಯಿ ತುಂಬ ನೊರೆ ತುಂಬಿಕೊಂಡು ಓಡಿಬಂದ ಹುಡುಗಿ, ದಿಂಬಿನಲ್ಲಿ ಬಿದ್ದ ಕುಳಿಯನ್ನು ನೋಡಿ ನಕ್ಕಿದ್ದಳು. ರೇಣುವಿಗೆ ಇವತ್ತಿಗೂ ನಗು ಬಂದಿಲ್ಲ. ಅವತ್ತಿನಿಂದ ಯಾರ ಮನೆಗೆ ಹೋದರೂ ಅವಳು ಮೊದಲು ಛತ್ತು ನೋಡುತ್ತಾಳೆ, ಆಮೇಲೆ ಮುಖ ನೋಡುತ್ತಾಳೆ. ನಿದ್ದೆಯಲ್ಲೂ ಅವಳ ಒಂದು ಕೈ ಮಗಳ ತಲೆಯ ಮೇಲಿರುತ್ತದೆ.

ಅತ್ತೆಗೆ ಇದು ಗೊತ್ತಿತ್ತು. ಕಾಶವ್ವ ಗೌಂಡಿಯ ಮಗಳು. ಅವಳಪ್ಪ ಸ್ಲ್ಯಾಬು ಹಾಕಿದ ಮರುದಿನವೇ ಅದರ ಮೇಲೆ ಮಣ್ಣಿನ ಸಣ್ಣ ಸಣ್ಣ ಬದು ಕಟ್ಟಿ, ಕಾಂಕ್ರೀಟು ಗಟ್ಟಿಯಾಗಲೆಂದು ಎರಡು ವಾರ ನೀರು ನಿಲ್ಲಿಸುತ್ತಿದ್ದ. "ಸ್ಲ್ಯಾಬಿಗೂ ಬಾಣಂತಿಗೂ ನೀರಿಗೆ ಕಡಿಮಿ ಮಾಡಬಾರದು" ಅನ್ನುವುದು ಅವನ ಮಾತು. ಅದಕ್ಕೇ ಕಾಶವ್ವ ಈ ದಿನ ಮಗನಿಗೆ ಪರಿಚಯದವರ ಮನೆಯಲ್ಲಿ ಬಸುರಿಗೆ ಕುಬಸ ಎಂದು ಸುಳ್ಳು ಹೇಳಿ, ಸೊಸೆಯನ್ನು ಕರೆದುಕೊಂಡು ಇಲ್ಲಿಗೆ ಬಂದಿದ್ದಳು.

ನೋಡಿದ ಮೂರು ಮನೆಗಳೂ ಲಕಲಕ ಅನ್ನುತ್ತಿದ್ದವು. ಮೂರರಲ್ಲೂ ಮೇಲೆ ಹಾಲಿನಂಥ ಬಿಳಿಯ ಫಾಲ್ಸ್ ಸೀಲಿಂಗು, ಸುತ್ತ ಹೂಬಳ್ಳಿ, ಬಳ್ಳಿಯೊಳಗೆ ಸಣ್ಣ ದೀಪ. ಎರಡನೇ ಮನೆಯ ಮಧುಕರ್ ಎಂಬ ನಿವೃತ್ತ ಬ್ಯಾಂಕಿನವರು ಛತ್ತಿನತ್ತ ಕೈ ತೋರಿಸಿ, "ಫುಕಟ್! ಕಾಕಾಂನೀ ಏಕ್ ರುಪಯಾ ಘೇತಲಾ ನಾಹೀ," ಪುಕ್ಕಟೆ, ಒಂದು ರೂಪಾಯಿಯನ್ನೂ ತೆಗೆದುಕೊಂಡಿಲ್ಲ ಎಂದು ಹೆಮ್ಮೆಪಟ್ಟಿದ್ದರು. ನಾಲ್ಕು ವರ್ಷದ ಹಿಂದೆ, ದೀಪಾವಳಿಗೆ, ಕಾಕಾ ಎಲ್ಲ ಮನೆಗೂ ತಾವಾಗಿಯೇ ಹಾಕಿಸಿಕೊಟ್ಟರಂತೆ. ಕೇಳಿ ರೇಣುವಿನ ಎದೆ ತಣ್ಣಗಾಗಿತ್ತು. ಶಿವಾನಿಯ ಕೋಣೆಗೂ ಕಾಕಾ ಹಾಗೇ ಒಂದು ಛತ್ತು ಕೊಡುವುದಾಗಿ ಹೇಳಿದ್ದರು. ದೀಪ ಆರಿಸಿದರೆ ಹೊಳೆಯುವ ಚಿಕ್ಕಿಗಳಿರುವ, ನಕ್ಷತ್ರದ ಆಕಾಶದಂಥ ಛತ್ತು. ಎಷ್ಟು ಚಿಕ್ಕಿ ಬೇಕೆಂದು ಹುಡುಗಿ ದಿನಾ ಲೆಕ್ಕ ಬದಲಾಯಿಸುತ್ತಿದ್ದಳು.

ಕಾಶವ್ವ ಗಂಟೆ ಒತ್ತಿದಳು. ಕಾಕಾನ ಹೆಂಡತಿ ರುಕ್ಮಿಣಮ್ಮ ಬರುತ್ತಾರೆಂದು ರೇಣು ಮುಖದ ಮೇಲೆ ನಗು ತಂದುಕೊಂಡು ನಿಂತಳು. ಬಾಗಿಲು ತೆರೆದದ್ದು ಕಣಕ ಮೆತ್ತಿದ ಕೈಯ ಬೇರೊಬ್ಬ ಹೆಂಗಸು.

ಅವಳ ಹೆಸರು ಶಾಲಿನಿ, ಬಾಡಿಗೆಗೆ ಇರುವವಳು. ಕಾಕಾ ಇಲ್ಲಿಲ್ಲ ಎಂದು ಮರಾಠಿಯಲ್ಲಿ ಹೇಳಿದಳು. ಅವರು ಬೇರೆ ಯಾವುದೋ ದೊಡ್ಡ ಕಂಪನಿಯವರು ಕಟ್ಟಿದ ಟವರಿಗೆ ಹೋಗಿ ಆಯಿತಲ್ಲ. ಫಲಕ ಮಾತ್ರ ತೆಗೆಯಬೇಡಿ ಅಂದಿದ್ದಾರೆ.

"ಕಧೀ ಗೇಲೇ?" ಯಾವಾಗ ಹೋದರೆಂದು ಕಾಶವ್ವ ಕೇಳಿದಳು.

"ಚಾರ್ ವರ್ಷಂ ಝಾಲೀ. ದಿವಾಳೀಚ್ಯಾ ಆಧೀ."

ನಾಲ್ಕು ವರ್ಷ. ದೀಪಾವಳಿಗೆ ಮುಂಚೆ. ರೇಣುವಿನ ಬೆರಳಲ್ಲಿ ಸುತ್ತಿದ್ದ ಸೆರಗು ಹಾಗೇ ನಿಂತಿತು. "ನಾ ಕಟ್ಟಿದ್ದರಾಗ ನಾನ ಇರತೀನಿ. ಇದಕ್ಕಿಂತ ದೊಡ್ಡ ಗ್ಯಾರಂಟಿ ಯಾವ ಬಿಲ್ಡರ್ ಕೊಡ್ತಾನ?" ಎಂದು ಕಾಕಾ ಹೋದ ತಿಂಗಳು ತಮ್ಮ ಆಫೀಸಿನಲ್ಲಿ ಎದೆ ತಟ್ಟಿಕೊಂಡಿದ್ದರು. ಅವರ ಭೇಟಿ ಏನಿದ್ದರೂ ಆಫೀಸಿನಲ್ಲೋ, ಮಠದ ಅಮಾವಾಸ್ಯೆಯ ಪ್ರಸಾದದಲ್ಲೋ ಆಗುತ್ತಿತ್ತು. ಈ ಮನೆಗೆ ರೇಣು ಬಂದದ್ದು ಗೃಹಪ್ರವೇಶದ ದಿನ ಒಮ್ಮೆ ಮಾತ್ರ. ಆಗ ಇಲ್ಲಿ ಹಾಲಿನ ನಡುವೆ ಸ್ಲ್ಯಾಬಿನ ಎರಡು ಕೊಂಡಿಗಳಿಗೆ ದೊಡ್ಡ ಜೋಕಾಲಿ ಕಟ್ಟಿತ್ತು. ಶಿವಾನಿಯನ್ನು ಹೊಟ್ಟೆಯಲ್ಲಿಟ್ಟುಕೊಂಡಿದ್ದ ರೇಣುವನ್ನು ರುಕ್ಮಿಣಮ್ಮ ಅದರಲ್ಲಿ ಕೂಡಿಸಿ ತೂಗಿದ್ದರು.

ಈಗ ಜೋಕಾಲಿ ಇರಲಿಲ್ಲ. ಕೊಂಡಿಗಳಿದ್ದ ಜಾಗದಲ್ಲಿ ಹೂಬಳ್ಳಿ ಇತ್ತು. ನೀರು ತಂದುಕೊಟ್ಟ ಶಾಲಿನಿ, ಮೇಲೆ ಮೊಳೆ ಹೊಡೆಯಬಾರದು, ಏನೂ ತೂಗುಹಾಕಬಾರದು, ಸೀಲಿಂಗು ಬಿಚ್ಚಬಾರದು ಎಂದು ಮನೆ ಕೊಡುವಾಗಲೇ ಕಾಕಾ ತಾಕೀತು ಮಾಡಿದ್ದನ್ನು ತಾನಾಗಿಯೇ ಹೇಳಿದಳು. ಒಳಗೆ ವೈರುಗಳಿವೆಯಂತೆ. ಬಚ್ಚಲಿನ ಹೊರಗಿನ ದೀಪವೊಂದು ಕೆಟ್ಟು, ಅದನ್ನು ಕಿತ್ತ ತೂತು ಒಂದು ವಾರದಿಂದ ಹಾಗೇ ಬಾಯಿ ತೆರೆದುಕೊಂಡಿತ್ತು.

"ರೇಣು, ಸ್ಟೂಲ್ ಮ್ಯಾಲೆ ಹತ್ತು," ಎಂದಳು ಕಾಶವ್ವ.

ರೇಣುವಿಗೆ ಹತ್ತಲು ಮನಸ್ಸಿರಲಿಲ್ಲ. ನೋಡದಿದ್ದರೆ ನಾಳೆ ನೋಂದಣಿ, ನಾಡಿದ್ದು ಹೊಸ ಮನೆ. ನೋಡಿದರೆ ಏನೋ ಯಾರಿಗೆ ಗೊತ್ತು. ಆದರೂ ಹತ್ತಿದಳು. ಮೊಬೈಲಿನ ಬೆಳಕನ್ನು ತೂತಿನೊಳಗೆ ಹಿಡಿದು ಕತ್ತು ಚಾಚಿದಳು. ಅಲ್ಲಿ ವೈರು ಹೆಚ್ಚಿಗೆ ಇರಲಿಲ್ಲ. ಸ್ಲ್ಯಾಬಿನ ಅಡಿ ಉದ್ದಕ್ಕೂ ಉದುರಿಹೋಗಿ, ಒಳಗಿನ ಸರಳುಗಳು ತುಕ್ಕಿನಿಂದ ಉಬ್ಬಿ ಹೊರಗೆ ಬಂದಿದ್ದವು. ಉದುರಿದ ಕಾಂಕ್ರೀಟಿನ ಚೂರುಗಳು ಬಿಳಿಯ ಛತ್ತಿನ ಬೆನ್ನ ಮೇಲೆ ಬಿದ್ದುಕೊಂಡಿದ್ದವು. ಒಂದು ಚೂರು ಶಿವಾನಿಯ ದಿಂಬಿನ ಮೇಲೆ ಬಿದ್ದದ್ದಕ್ಕಿಂತ ದೊಡ್ಡದಿತ್ತು.

ರೇಣು ಇಳಿದು ಮೊಬೈಲನ್ನು ಶಾಲಿನಿಯ ಕೈಗೆ ಕೊಟ್ಟಳು. ಶಾಲಿನಿ ಹತ್ತಿ ನೋಡಿದಳು. ಕಣಕದ ಕೈಯನ್ನು ಬಾಯಿಯ ಮೇಲಿಟ್ಟುಕೊಂಡು ಕೆಳಗಿಳಿದು, ಗಂಡನಿಗೆ ಫೋನು ಹಚ್ಚಿದಳು.

ಮನೆಗೆ ಬಂದು ರೇಣು ಎಲ್ಲವನ್ನೂ ಹೇಳಿದಾಗ ಬಸವಲಿಂಗ ಮೊದಲು ಸಿಟ್ಟಾದ, ಆಮೇಲೆ ಕುಗ್ಗಿದ. "ಬಚ್ಚಲ ನೀರ ಸೋರಿರಬೇಕು. ಹಳೇ ಬಿಲ್ಡಿಂಗ್ ಅದ. ಹೊಸಾದಕ್ಕ ಯಾಕ ಹಂಗಾಗ್ತದ?"

"ಹಂಗಾರ ಕಾಕಾ ಯಾಕ ಬಿಟ್ಟ ಹೋದ್ರು, ಹೇಳ್ರಿ."

"ಎಲಿ ಹಿಡದೀನಿ ರೇಣು. ನಾಳಿ ಮಠದಾಗ ಯಾವ ಮಾರಿ ತೋರಸಲಿ?"

ಅವನ ಭಯವೂ ಭಯವೇ ಎಂದು ರೇಣುವಿಗೆ ಗೊತ್ತಿತ್ತು. ಈ ಊರಿನಲ್ಲಿ ಅವನಿಗೆ ತಂದೆಯ ಜಾಗದಲ್ಲಿ ನಿಂತವರು ಒಬ್ಬರೇ.

ಸಂಜೆ ಆರಕ್ಕೆ ಈರಬಸಪ್ಪ ಬಂದರು. ಹಣೆಯ ತುಂಬ ವಿಭೂತಿ, ಕೈಯಲ್ಲಿ ಪೇಢೆಯ ಡಬ್ಬಿ, ಹೊಸ ಮನೆಯ ಕೀಲಿಯ ಗೊಂಚಲು. ಶಿವಾನಿಯ ಗಲ್ಲ ಹಿಂಡಿ, "ಎಷ್ಟ ಚಿಕ್ಕಿ ಬೇಕ ಅಂತ ಲೆಕ್ಕಾ ಆತೇನು?" ಎಂದರು. ಹುಡುಗಿ ನೂರಾ ಎಂಟು ಎಂದಳು. ಬಸವಲಿಂಗ ಗಡಿಬಿಡಿಯಲ್ಲಿ ಕುರ್ಚಿ ತಂದು ಹಾಲಿನ ನಡುವೆ ಹಾಕಿದ. ಅದರ ನೇರಕ್ಕೆ ಮೇಲೆ, ಗಿಲಾವು ಬಿದ್ದು ಉಳಿದ ಕಪ್ಪು ಕಲೆಯಿತ್ತು.

ಈರಬಸಪ್ಪ ಕೂತರು. ನೋಂದಣಿಗೆ ಬೆಳಿಗ್ಗೆ ಹತ್ತಕ್ಕೆ ಬರಬೇಕು, ಆಧಾರ್ ಮರೀಬಾರದು ಎನ್ನುತ್ತ ತಲೆ ಎತ್ತಿ ಮೇಲೆ ನೋಡಿದರು. ಮಾತು ನಿಲ್ಲಿಸಲಿಲ್ಲ. ಮಾತಾಡುತ್ತಲೇ ಎದ್ದು, ಕುರ್ಚಿಯನ್ನು ಎಳೆದುಕೊಂಡು ಹೋಗಿ ಗೋಡೆಗೆ ಹಚ್ಚಿ ಕೂತರು.

ರೇಣು ನೋಡಿದಳು. ಗಂಡನ ಕಡೆ ತಿರುಗಿದಾಗ ಅವನೂ ನೋಡಿದ್ದು ಗೊತ್ತಾಯಿತು.

ಕಾಶವ್ವ ಒಂದು ಲೋಟ ನೀರು ತಂದು ಈರಬಸಪ್ಪನವರ ಮುಂದಿಟ್ಟಳು. "ಇವತ್ತ ನಿಮ್ಮ ಮನಿಗೆ ಹೋಗಿದ್ವಿರಿ, ಕೊಂಢವಾಕ್ಕ. ನೀವು ಇರಲಿಲ್ಲ."

ಈರಬಸಪ್ಪನವರ ಕೈ ಲೋಟದ ತನಕ ಬಂದು ನಿಂತಿತು. "ಹಾಂ... ಮಗಾ ಸ್ವಪ್ನಿಲ್ ಹಟಾ ಹಿಡದಾ, ಕಾಶಕ್ಕಾ. ಅಲ್ಲೆ ಟವರಿನ್ಯಾಗ ಲಿಫ್ಟ ಅದ, ಗಾರ್ಡನ್ ಅದ..."

ಅವರೆದುರಿಗೆ ರೇಣು ಇದುವರೆಗೆ ಎತ್ತರದ ದನಿಯಲ್ಲಿ ಮಾತಾಡಿದವಳಲ್ಲ. ಈಗಲೂ ದನಿ ಸಣ್ಣಗೇ ಬಂತು. "ಕಾಕಾ, ನಾ ಛತ್ತಿನ ಮ್ಯಾಲೆ ನೋಡಿನ್ರಿ."

ಈರಬಸಪ್ಪ ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಅವಳಿಗೆ ಇಷ್ಟು ಹೆದರಿಕೆಯಾಗುತ್ತಿರಲಿಲ್ಲ. ಅವರು ನೆಲ ನೋಡುತ್ತ, ತಪ್ಪೊಪ್ಪಿಕೊಳ್ಳುವ ಹುಡುಗನ ಹಾಗೆ ಹೇಳಿದರು. "ಆ ವರ್ಷ ನೀರ ಇರಲಿಲ್ಲವಾ. ಟ್ಯಾಂಕರು ದಿನಾ ಬರತಿರಲಿಲ್ಲ. ಸ್ಲ್ಯಾಬಿಗೆ ಎರಡ ದಿನಾ ಅಷ್ಟ ನೀರ ನಿಲ್ಲಿಸಿದ್ವಿ. ಜನಾ ಪೊಸೆಶನ್ ಪೊಸೆಶನ್ ಅಂತ ಬಾಗಲಾ ಬಡೀತಿದ್ರು."

"ಮತ್ತ ಹೊಸಾದಕ್ಕ?" ಕೇಳಿದವಳು ಕಾಶವ್ವ. "ಹೊಸಾದಕ್ಕ ಎಷ್ಟ ದಿನಾ ನಿಲ್ಲಿಸೀರಿ?"

ಈರಬಸಪ್ಪ ಮುಂದಿದ್ದ ಲೋಟವನ್ನೇ ನೋಡುತ್ತ ಕೂತರು.

"ಕಾಕಾ," ಎಂದ ಬಸವಲಿಂಗ. "ಏನರ ಅನ್ರಿ. ಏಳ ದಿನಾ ಅನ್ರಿ, ನಾ ನಂಬತೀನಿ."

ಅವರು ಬಾಯಿ ತೆರೆದರು. ಶಿವಾನಿ ಬಾಗಿಲಿಗೆ ಒರಗಿ ನಿಂತು ಅವರನ್ನೇ ನೋಡುತ್ತಿದ್ದಳು. ತೆರೆದ ಬಾಯಿ ಹಾಗೇ ಮುಚ್ಚಿತು.

ಬಸವಲಿಂಗ ದೇವರ ಜಗಲಿಗೆ ಹೋದ. ಒಣಗಿ ಸುರುಳಿಯಾಗಿದ್ದ ಎಲೆಯನ್ನೂ ಅಡಿಕೆಯನ್ನೂ ಎರಡೂ ಕೈಯಿಂದ ಎತ್ತಿಕೊಂಡು ಬಂದು, ಬಗ್ಗಿ ಅವರ ಕಾಲು ಮುಟ್ಟಿದ. ಆಮೇಲೆ ಅದನ್ನು ಅವರ ಅಂಗೈಯಲ್ಲಿಟ್ಟ. ಎಲೆಯ ಅಂಚು ಪುಡಿಯಾಗಿ ಅವರ ಬಿಳಿಯ ಧೋತರದ ಮೇಲೆ ಉದುರಿತು. ಈರಬಸಪ್ಪ ಅದನ್ನು ಝಾಡಿಸಲಿಲ್ಲ. ಎದ್ದು, ಕೀಲಿಯ ಗೊಂಚಲನ್ನು ಕಿಸೆಗೆ ಹಾಕಿಕೊಂಡು, ಮೆಟ್ಟಿಲಿಳಿದು ಹೋದರು. ಚಪ್ಪಲಿಯ ಸದ್ದು ಬಹಳ ಹೊತ್ತು ಕೇಳಿಸಿತು.

ಬಸವಲಿಂಗ ಅದೇ ಗೋಡೆಗೆ ಒರಗಿ ಕೂತು ಮುಖ ಮುಚ್ಚಿಕೊಂಡ. ರೇಣು ಕೋಣೆಗೆ ಹೋಗಿ ಮಗಳ ಹಾಸಿಗೆಯನ್ನು ಎಳೆದುಕೊಂಡು ಬಂದಳು. ಎಲ್ಲಿ ಹಾಸಲಿ ಎಂಬಂತೆ ಅತ್ತೆಯ ಮುಖ ನೋಡಿದಳು. ಕಾಶವ್ವ ಬಾಗಿಲ ಚೌಕಟ್ಟಿನತ್ತ ಬೆರಳು ತೋರಿಸಿದಳು.

"ಅಲ್ಲೆ ಹಾಸು. ಅದರ ಮ್ಯಾಲೆ ಬೀಮ್ ಅದ."

"ಅವ್ವಾ, ಹಂಗಾರ ಚಿಕ್ಕಿ?" ಎಂದು ಶಿವಾನಿ ಕೇಳಿದಳು.

ರೇಣು ಹಾಸಿಗೆಯ ಸುಕ್ಕು ಬಿಡಿಸುತ್ತಲೇ ಇದ್ದಳು. ಗೋಡೆಯ ಹತ್ತಿರದ ಕುರ್ಚಿಯ ಮುಂದೆ ಕಾಕಾ ಮುಟ್ಟದ ನೀರಿನ ಲೋಟ ತುಂಬಿದ್ದು ತುಂಬಿದ ಹಾಗೇ ಇತ್ತು.