ಉಮ್ಸುನೈ ಹೇಳಿದ ವಾಕ್ಯ

ಹೊಸವರ್ಷದ ನೊರೂಜ್ ಹಬ್ಬ ಹತ್ತಿರವಾಗಿದ್ದರೂ ನಮ್ಮ ಹಳ್ಳಿಯಲ್ಲಿ ಹಿಮ ಕರಗಿರಲಿಲ್ಲ. ಆ ಮಾರ್ಚ್ ತಿಂಗಳಲ್ಲೇ ಬುರುಲ್‌ಳ ತೆರೆದ ಪಾಠ ನಡೆಯಿತು. ಮಕ್ಕಳ ಹಿಂದೆ ಬೆಂಚು ಹಾಕಿಕೊಂಡು ಉಳಿದ ಟೀಚರುಗಳೂ ಮೇಲಿನವರೂ ಕೂತು ಕೇಳುವುದಕ್ಕೆ ಇಲ್ಲಿ ತೆರೆದ ಪಾಠ ಎನ್ನುತ್ತಾರೆ. ನಾರಿನ್ ಪಟ್ಟಣದಿಂದ ತಾಜಿನಾ ಎಂಬ ಶಾಲಾ ತನಿಖಾಧಿಕಾರಿ ಬೆಳಗಿನ ವ್ಯಾನಿನಲ್ಲಿ ಬಂದಿದ್ದಳು. ಹೆಡ್ಮಾಸ್ಟರ್ ಶಾರ್ಶೆನ್ ಅವಳಿಗೆ ಒಲೆಯ ಪಕ್ಕದ ಜಾಗ ಬಿಟ್ಟುಕೊಟ್ಟು ತಾನು ಕಿಟಕಿಯ ಗಾಳಿಗೆ ಕೂತಿದ್ದ.

ಬುರುಲ್ ನಾಲ್ಕನೇ ತರಗತಿಯ ಟೀಚರು. ಮಕ್ಕಳು ಅವಳನ್ನು ಎಜೆ, ಅಂದರೆ ಅಕ್ಕ, ಎಂದು ಕರೆಯುತ್ತಿದ್ದರು. ಗಂಡ ಎರ್ಮೆಕ್ ರಷ್ಯಾದ ಕಜಾನ್‌ನಲ್ಲಿ ಕಟ್ಟಡದ ಕೆಲಸಕ್ಕೆ ಹೋಗಿ ನಾಲ್ಕು ವರ್ಷವಾಗಿತ್ತು. ಅದೇನು ದೊಡ್ಡ ಸಂಗತಿಯಲ್ಲ. ಅವಳ ತರಗತಿಯ ಅರ್ಧ ಮಕ್ಕಳಿಗೆ ಅಪ್ಪನೆಂದರೆ ಫೋನಿನಲ್ಲಿ ಕಾಣುವ ಮುಖ. ಬುರುಲ್‌ಗೆ ಮಕ್ಕಳಾಗಿರಲಿಲ್ಲ. ಅತ್ತೆ ಕಲಿಚಾಳ ಜೊತೆ ಇದ್ದಳು, ಅವಳನ್ನು ಅಪಾ, ಅಂದರೆ ಅಮ್ಮ, ಎನ್ನುತ್ತಿದ್ದಳು. ಬೆಳಿಗ್ಗೆ ಹಸು ಕರೆದು ಶಾಲೆಗೆ ಬರುತ್ತಿದ್ದಳು.

ಅಂದಿನ ಪಾಠ ಪ್ರಧಾನ ವಾಕ್ಯ ಮತ್ತು ಅಧೀನ ವಾಕ್ಯ. ಅದನ್ನು ಹೇಳಿಕೊಡಲು ಅವಳದೇ ಒಂದು ದಾರಿಯಿತ್ತು. ತಿಲೆಕ್ ಎಂಬ ಗುಂಡಗಿನ ಹುಡುಗನನ್ನು ಹಲಗೆಯ ಮುಂದೆ ಕರೆದಳು.

"ನೀನು ಪ್ರಧಾನ ವಾಕ್ಯ. ನೆಟ್ಟಗೆ ನಿಂತ್ಕೋ."

"ನಾನು ಯಾವಾಗ್ಲೂ ಪ್ರಧಾನಾನೇ ಎಜೆ."

"ಹೌದಪ್ಪಾ, ಹೋಮ್‌ವರ್ಕ್ ಕೇಳಿದಾಗ ಮಾತ್ರ ಬೆಂಚಿನ ಕೆಳಗಿರ್ತೀಯ."

ಮಕ್ಕಳು ನಕ್ಕರು. ಹಿಂದಿನ ಬೆಂಚಿನಲ್ಲಿ ತಾಜಿನಾಳೂ ನಕ್ಕಳು. ಬುರುಲ್ ಇನ್ನೊಬ್ಬ ಹುಡುಗಿಯನ್ನು ಕರೆದು, ಒಂದು ಕಾಲು ಮಡಚಿ ತಿಲೆಕ್‌ನ ಹೆಗಲು ಹಿಡಿದು ನಿಲ್ಲುವಂತೆ ಹೇಳಿದಳು. "ಇವಳು ಅಧೀನ ವಾಕ್ಯ. 'ಹಿಮ ಬಿದ್ದದ್ದರಿಂದ'. ಇವನು 'ಕಣಿವೆ ದಾರಿ ಮುಚ್ಚಿತು'. ತಿಲೆಕ್, ನೀನು ಸ್ವಲ್ಪ ಆಚೆ ಹೋಗು."

ತಿಲೆಕ್ ಸರಿದ. ಹುಡುಗಿ ತೂರಾಡಿ ಕುಪ್ಪಳಿಸಿ ಕೊನೆಗೆ ಕಾಲು ಊರಿದಳು.

"ನೋಡಿದ್ರಾ? 'ಹಿಮ ಬಿದ್ದದ್ದರಿಂದ' ಅಂತ ಹೇಳಿ ಬಾಯಿ ಮುಚ್ಕೊಂಡ್ರೆ ಎದುರಿಗಿರೋರು ಏನಂತಾರೆ?"

"ಏನಾಯ್ತು ಅಂತಾರೆ!"

"ಅದಕ್ಕೆ ಅದು ಒಂಟಿಯಾಗಿ ನಿಲ್ಲಲ್ಲ. ಹೇಳ್ಬೇಕಾಗಿರೋ ಸುದ್ದಿ ಇರೋದು ಪ್ರಧಾನ ವಾಕ್ಯದಲ್ಲಿ. ಈಗ ನೀವು ಹೇಳಿ. ಪುಸ್ತಕದ್ದು ಬೇಡ, ನಿಮ್ಮನೇಲಿ ನಡೆಯೋದು."

ಕೈಗಳು ಎದ್ದವು. ಕುರಿ ಮರಿ ಹಾಕಿದ್ದರಿಂದ ಅಣ್ಣ ರಾತ್ರಿ ಮಲಗಲಿಲ್ಲ. ಕರೆಂಟ್ ಹೋದದ್ದರಿಂದ ಅಜ್ಜಿಯ ಧಾರಾವಾಹಿ ತಪ್ಪಿತು. ಬುರುಲ್ ಪ್ರತಿಯೊಂದನ್ನೂ ಹಲಗೆಯ ಮೇಲೆ ಬರೆದು ಪ್ರಧಾನ ವಾಕ್ಯದ ಕೆಳಗೆ ಎರಡು ಗೆರೆ, ಅಧೀನ ವಾಕ್ಯದ ಕೆಳಗೆ ಒಂದು ಗೆರೆ ಎಳೆಯುತ್ತಿದ್ದಳು. ಆಮೇಲೆ ಉಮ್ಸುನೈ ಎದ್ದಳು. ಅಂಗಡಿಯ ರೋಜಾಳ ಮಗಳು ಅವಳು, ತರಗತಿಗೇ ಜಾಣೆ. ಅವಳಪ್ಪನೂ ಎರ್ಮೆಕ್ ಇದ್ದ ಕಡೆಯೇ ಕೆಲಸಕ್ಕಿದ್ದ.

"ಎರ್ಮೆಕ್ ಮಾಮ ಕಜಾನ್‌ನಲ್ಲಿ ಇನ್ನೊಂದು ಮದುವೆ ಆಗಿರೋದ್ರಿಂದ," ಎಂದು ಉಮ್ಸುನೈ ಪಾಠ ಒಪ್ಪಿಸುವ ದನಿಯಲ್ಲಿ ಹೇಳಿದಳು, "ಎಜೆ ಅಂಗಡಿಗೆ ಬಂದ್ರೆ ನಮ್ಮಮ್ಮ ಒಳಗೆ ಹೋಗ್ಬಿಡ್ತಾಳೆ."

ಆ ಮಗುವಿನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮನೆಯಲ್ಲಿ ತಿಂಗಳುಗಟ್ಟಲೆ ಆಡಿದ ಮಾತು. ಗಂಡನ ಸುದ್ದಿ ಹೆಂಡತಿಗೇ ಗೊತ್ತಿಲ್ಲವೆಂದು ಅದಕ್ಕೆ ಹೇಗೆ ಹೊಳೆಯಬೇಕು? ಅಮ್ಮ ಯಾಕೆ ಒಳಗೆ ಓಡುತ್ತಾಳೆ ಎನ್ನುವುದನ್ನಷ್ಟೇ ಅದು ಸರಿಯಾಗಿ ಜೋಡಿಸಿ ಹೇಳಿತ್ತು.

ಬುರುಲ್ ಬರೆಯತೊಡಗಿದಳು. ಮಕ್ಕಳು ಹೇಳಿದ್ದನ್ನು ಬರೆಯುವುದು ಕೈಗೆ ಅಭ್ಯಾಸವಾಗಿತ್ತು, ಅದು ಬರೆಯಿತು. ಅಕ್ಷರಗಳು ಗುಂಡಗೆ, ಒಂದೇ ಸಾಲಿನಲ್ಲಿ ಬಂದವು. ಒಲೆಯ ಮೇಲೆ ಒಣಗಲು ಇಟ್ಟಿದ್ದ ಕೈಗವಸುಗಳ ಉಣ್ಣೆಯ ವಾಸನೆ ಬರುತ್ತಿತ್ತು. ಹಿಂದೆ ಯಾರೋ ಕೆಮ್ಮಿದರು. ಅದು ಕೆಮ್ಮಲ್ಲ, ಗೊತ್ತಿರುವವರು ಒಬ್ಬರಿಗೊಬ್ಬರು ಮಾಡುವ ಸದ್ದು ಎಂದು ಅವಳಿಗೆ ಗೊತ್ತಾಯಿತು. ಹಾಗಾದರೆ ಅಲ್ಲಿ ಕೂತಿದ್ದವರಿಗೆಲ್ಲ ಗೊತ್ತಿತ್ತು.

"ಇದರಲ್ಲಿ ಪ್ರಧಾನ ಯಾವುದು?" ಎಂದು ಕೇಳಿದಳು.

"ನಮ್ಮಮ್ಮ ಒಳಗೆ ಹೋಗ್ಬಿಡ್ತಾಳೆ."

"ಸರಿ." ಎರಡು ಗೆರೆ ಎಳೆದಳು. "ಅಧೀನ?"

ಉಮ್ಸುನೈ ಬಾಯಿ ತೆರೆದವಳು ಹಿಂದಿನ ಬೆಂಚಿನ ಮುಖಗಳನ್ನು ನೋಡಿ ನಿಂತುಬಿಟ್ಟಳು. ಕಿವಿ ಕೆಂಪಾಯಿತು. ತಿಲೆಕ್ ಕೂಡ ನಗಲಿಲ್ಲ.

"ಬುರುಲ್," ಶಾರ್ಶೆನ್ ಎದ್ದು ನಿಂತ, "ಗಂಟೆ ಹೊಡೀತು."

ಗಂಟೆ ಹೊಡೆದಿರಲಿಲ್ಲ. ಬುರುಲ್ ಗೋಡೆಯ ಗಡಿಯಾರ ನೋಡಿದಳು. "ಇನ್ನೂ ಟೈಮಿದೆ ಸರ್," ಎಂದು ಉಳಿದ ಭಾಗಕ್ಕೆ ತಾನೇ ಒಂದು ಗೆರೆ ಎಳೆದಳು. ಉಮ್ಸುನೈಗೆ, "ವಾಕ್ಯ ಸರಿಯಾಗಿದೆ, ಕೂತ್ಕೋ," ಎಂದಳು. ಇನ್ನೂ ಇಬ್ಬರಿಂದ ವಾಕ್ಯ ಹೇಳಿಸಿ, ಮನೆಗೆಲಸ ಕೊಟ್ಟು ಪಾಠ ಮುಗಿಸಿದಳು.

ಟೀಚರುಗಳ ಕೋಣೆಯಲ್ಲಿ ಹಾಲು ಬೆರೆಸಿದ ಚಹಾ, ಹಿಟ್ಟಿನುಂಡೆ ಕರಿದ ಬೋರ್ಸೋಕ್, ಏಪ್ರಿಕಾಟಿನ ಜಾಮ್ ಇಟ್ಟಿದ್ದರು. ಯಾರೂ ತಲೆ ಎತ್ತಿ ಬುರುಲ್‌ಳನ್ನು ನೋಡಲಿಲ್ಲ. ತಾಜಿನಾ ಹೊರಗಿನವಳು, ಅವಳಿಗೇನೂ ತಿಳಿದಿರಲಿಲ್ಲ.

"ಪಾಠ ತುಂಬಾ ಚೆನ್ನಾಗಿತ್ತು ಕಣಮ್ಮಾ," ಎಂದಳು. "ಮಕ್ಕಳ ಬದುಕಿನಿಂದಲೇ ಉದಾಹರಣೆ ತೆಗೆಸಿದ್ರಿ. ಆ ಅಂಗಡಿ ಹುಡುಗಿ ಹೇಳಿದ್ದು ಸ್ವಲ್ಪ ಉದ್ದ ಆಯ್ತು. ಆದ್ರೂ ಎಂಥಾ ಕಲ್ಪನೆ ನೋಡಿ ಆ ವಯಸ್ಸಿಗೆ!"

"ಹೌದು, ಜಾಣೆ," ಎಂದಳು ಬುರುಲ್. ಬೋರ್ಸೋಕ್ ಒಂದನ್ನು ಜಾಮಿನಲ್ಲಿ ಅದ್ದಿ ತಿಂದಳು. ನಾಲಿಗೆಗೆ ಸಿಹಿಯೂ ತಿಳಿಯಲಿಲ್ಲ, ಎಣ್ಣೆಯೂ ತಿಳಿಯಲಿಲ್ಲ.

ಮಕ್ಕಳ ಕಾಲಿಗಿಂತ ವೇಗವಾಗಿ ಸುದ್ದಿ ಅಂಗಡಿಗೆ ಮುಟ್ಟಿತ್ತು. ಶಾಲೆಯ ಗೇಟಿನ ಹತ್ತಿರ ರೋಜಾ ಚಪ್ಪಲಿಯಲ್ಲೇ ಹಿಮ ತುಳಿದುಕೊಂಡು ಬಂದು ನಿಂತಿದ್ದಳು. ಒಂದು ಕೈಯಲ್ಲಿ ಉಮ್ಸುನೈಯ ರಟ್ಟೆ.

"ಕೇಳು ಇವಳನ್ನ, ಯಾರು ಕಲಿಸಿದ್ದು ಅಂತ ಕೇಳು! ನಿನ್ನ ಕಾಲಿಗೆ ಬೀಳಿಸ್ತೀನಿ. ಇವಳ ಬಾಯಿಗೆ ಬೂದಿ ಹಾಕ!"

"ಬಿಡು ರೋಜಾ, ಅವಳ ಕೈ ಬಿಡು. ಮೊದಲು ಬೂಟು ಹಾಕ್ಕೋ, ಕಾಲು ಮರಗಟ್ಟುತ್ತೆ."

ರೋಜಾ ಅಳತೊಡಗಿದಳು. "ನನಗೆ ಹೇಳೋಕೆ ಬಾಯಿ ಬರ್ಲಿಲ್ಲ ಕಣೇ. ನೀನು ಸಕ್ಕರೆ ಕೇಳೋಕೆ ಬಂದಾಗೆಲ್ಲ ಒಳಗೆ ಓಡಿ ಬಚ್ಚಿಟ್ಕೋತಿದ್ದೆ."

"ಯಾವಾಗಿಂದ?"

"ಸೇಬು ಕೀಳೋ ಕಾಲದಿಂದ."

ಅತ್ತಿದ್ದು ರೋಜಾ, ಸಮಾಧಾನ ಮಾಡಿದ್ದು ಬುರುಲ್. ಬೆನ್ನು ತಟ್ಟುತ್ತಿದ್ದ ತನ್ನ ಕೈಯನ್ನು ಅವಳು ಬೇರೆ ಯಾರದೋ ಎಂಬಂತೆ ನೋಡಿದಳು.

ಮನೆಗೆ ಹೋಗಿ ಬಟ್ಟೆ ಬದಲಿಸಿ ಹಸು ಕರೆದಳು. ಹಾಲು ಸೋಸಿಟ್ಟಳು. ಒಳಗೆ ಕಲಿಚಾ ಉಣ್ಣೆ ಬಿಡಿಸುತ್ತಾ ಕೂತಿದ್ದಳು. ಬುರುಲ್ ಅವಳಿಗೆ ಚಹಾ ಬಗ್ಗಿಸಿ ಕೊಟ್ಟಳು, ಸೊಸೆ ಕೊಡಬೇಕಾದ ಹಾಗೆ, ಮತ್ತೆ ಮತ್ತೆ ಬಿಸಿಯಾಗಿ ಬಗ್ಗಿಸಲೆಂದು ಅರ್ಧ ಬಟ್ಟಲು.

"ಅಪಾ, ಎರ್ಮೆಕ್ ಇನ್ನೊಂದು ಮದುವೆ ಆಗಿದ್ದಾನಂತೆ."

ಕಲಿಚಾಳ ಬೆರಳು ನಿಂತವು. "ಯಾರಂದ್ರು?"

"ಉಮ್ಸುನೈ."

"ಆ ಕೂಸೇ?" ಮುದುಕಿ ಬಟ್ಟಲನ್ನು ಪಕ್ಕಕ್ಕೆ ಸರಿಸಿದಳು. "ಹಿಮ ಕರಗ್ಲಿ, ಹೇಳೋಣ ಅಂದ್ಕೊಂಡಿದ್ದೆ ಮಗಾ. ಅದಕ್ಕೆ ಮುಂಚೆ ಹಿಮ ಬೀಳ್ಲಿ ಅಂದ್ಕೊಂಡೆ. ತಾನೇ ಬಂದು ಹೇಳ್ತೀನಿ, ನೀನು ಬಾಯಿಬಿಡ್ಬೇಡ ಅಂದ ಅವನು."

"ಯಾರವಳು?"

"ಅಲ್ಲಿನ ತತಾರ ಜನದವಳಂತೆ. ಕೆಲಸದವರಿಗೆ ಅಡುಗೆ ಮಾಡ್ತಾಳಂತೆ. ಬಸುರಿ."

ಬುರುಲ್ ರೊಟ್ಟಿ ಮುರಿದು ಅತ್ತೆಯ ಮುಂದಿಟ್ಟಳು. ತನಗೂ ಒಂದು ತುಂಡು ತೆಗೆದುಕೊಂಡಳು. ಕಲಿಚಾ ಅವಳನ್ನೇ ನೋಡುತ್ತಿದ್ದಳು. "ಏನಾದ್ರೂ ಅನ್ನೇ. ಬೈಯ್ಯಾದ್ರೂ ಬೈಯಿ. ಹೀಗೆ ತಿನ್ಬೇಡ, ನನಗೆ ಹೆದರಿಕೆ ಆಗುತ್ತೆ."

"ಹಸಿವಾಗಿತ್ತು ಅಪಾ," ಎಂದಳು. ಹಸಿವೂ ಆಗಿರಲಿಲ್ಲ.

ಮರುದಿನ ಬಿಡುವಿನ ವೇಳೆಯಲ್ಲಿ ಶಾಲೆಯ ಹಿಂದೆ ಕಲ್ಲಿದ್ದಲು ರಾಶಿಯ ಹತ್ತಿರ ನಿಂತು ಎರ್ಮೆಕ್‌ಗೆ ಫೋನ್ ಮಾಡಿದಳು. ಅತ್ತ ಕಡೆ ಯಂತ್ರದ ಸದ್ದು. ಸುದ್ದಿ ಅವನಿಗೆ ಆಗಲೇ ಮುಟ್ಟಿತ್ತು.

"ಬುರುಲ್, ನಾನೇ ಹೇಳ್ಬೇಕು ಅಂತಿದ್ದೆ. ಆದ್ರೆ..."

ಅವಳು ಕಾದಳು. ಯಾರೋ ಅವನನ್ನು ಕೂಗಿದರು. ಅವಳು ಫೋನ್ ಜೇಬಿಗೆ ಹಾಕಿಕೊಂಡು ಒಳಗೆ ಹೋಗಿ ಗಣಿತ ತೆಗೆದುಕೊಂಡಳು.

ಶಾರ್ಶೆನ್ ರಜೆ ಕೊಡುತ್ತೇನೆಂದ. ಬೇಡವೆಂದಳು. ತವರೂರು ಅತ್‌ಬಾಶಿಯಿಂದ ಅಣ್ಣ ಬೆಕ್ಬೊಲೊಟ್ ಗಾಡಿ ತಂದು ಅಂಗಳದಲ್ಲಿ ನಿಲ್ಲಿಸಿ, "ನಡಿ ಮನೆಗೆ. ಈ ಮನೇಲಿ ನಿನಗಿನ್ನೇನು ಕೆಲಸ?" ಎಂದು ಕೂಗಾಡಿದ. ಅವಳ ಮದುವೆಯಲ್ಲಿ ಬಂದ ಹಾಸಿಗೆಗಳನ್ನೂ ಪೆಟ್ಟಿಗೆಯನ್ನೂ ಕಲಿಚಾ ತಾನೇ ಎಳೆದು ತಂದು ಗಾಡಿಯ ಪಕ್ಕ ಇಟ್ಟಳು, ಬೆಕ್ಬೊಲೊಟ್ ಅವನ್ನು ಏರಿಸಿದ. ಬುರುಲ್ ಗಾಡಿ ಹತ್ತಿ, ಶಾಲೆಯ ಹತ್ತಿರ ಬಂದಾಗ ನಿಲ್ಲಿಸು ಎಂದಳು. ಟೀಚರುಗಳಿಗೆಂದು ಕಟ್ಟಿಸಿದ ಒಂಟಿ ಕೋಣೆಯೊಂದು ಅಲ್ಲಿ ಖಾಲಿಯಿತ್ತು.

"ಇಲ್ಲೇ ಇಳಿಸು. ಮೇ ತಿಂಗಳಲ್ಲಿ ಮಕ್ಕಳಿಗೆ ಪರೀಕ್ಷೆ ಇದೆ."

"ತಲೆ ಕೆಟ್ಟಿದೆಯೇನೇ ನಿಂಗೆ? ಅವನ ಊರಲ್ಲೇ?"

"ನನ್ನ ಶಾಲೆ ಇರೋ ಊರು," ಎಂದಳು. ಅದನ್ನೂ ಗಟ್ಟಿಯಾಗಿ ಹೇಳಲಿಲ್ಲ. ಬೆಕ್ಬೊಲೊಟ್ ಬೈದುಕೊಂಡೇ ಪೆಟ್ಟಿಗೆ ಇಳಿಸಿದ.

ಆದರೆ ಹಸುವಿಗೆ ಇದಾವುದೂ ತಿಳಿಯದು. ಕಲಿಚಾಳ ಬೆರಳುಗಳು ವಾತದಿಂದ ಸೆಟೆದಿದ್ದವು, ಹಸು ಅವಳಿಗೆ ಹಾಲು ಇಳಿಸಲಿಲ್ಲ. ಕೆಚ್ಚಲು ಬಿಗಿದು ಊರಿಗೆಲ್ಲ ಕೇಳುವಂತೆ ಕೂಗಿತು. ಬುರುಲ್ ಬೆಳಿಗ್ಗೆ ಎದ್ದು ಕೋಟು ಹಾಕಿಕೊಂಡು ಆ ಮನೆಗೆ ನಡೆದಳು, ಕರೆದಳು, ಬಕೆಟ್ಟನ್ನು ಹೊಸಿಲಲ್ಲಿಟ್ಟು ಶಾಲೆಗೆ ಹೋದಳು. ಮರುದಿನವೂ ಹಾಗೇ ಮಾಡಿದಳು. ಅದೇ ರೂಢಿಯಾಯಿತು. ಕಲಿಚಾ ಹಸುವಿನ ಕೊರಳು ಹಿಡಿದು ನಿಲ್ಲುವಳು, ಬುರುಲ್ ಕರೆಯುವಳು. ಊರಿನವರು ಮೊದಮೊದಲು ಬೇಲಿಯಾಚೆಯಿಂದ ನೋಡಿ ಪಿಸುಗುಟ್ಟಿದರು, ಆಮೇಲೆ ಅವರಿಗೂ ಬೇಸರವಾಯಿತು.

ಪರೀಕ್ಷೆಗಳು ಮುಗಿದು, ಕುರಿಗಳು ಬೆಟ್ಟದ ಹುಲ್ಲುಗಾವಲಿಗೆ ಹೊರಟ ವಾರ, ಕಲಿಚಾ ಹಸುವಿನ ಕಿವಿ ಸವರುತ್ತಾ, ಯಾರಿಗೋ ಎಂಬಂತೆ ಹೇಳಿದಳು.

"ಹೆಣ್ಣು ಮಗು ಆಗಿದೆಯಂತೆ."

ಬುರುಲ್‌ಳ ಕೈ ನಿಲ್ಲಲಿಲ್ಲ. ಹಾಲು ಬಕೆಟ್ಟಿಗೆ ಚೊರ್ ಚೊರ್ ಎಂದು ಬೀಳುತ್ತಿತ್ತು.

"ನೋಡೋಕೆ ಹೋಗ್ತೀರಾ ಅಪಾ?"

"ಬಾ ಅಂತಾನೆ. ಟಿಕೆಟ್ ಕಳಿಸ್ತಾನಂತೆ." ಕಲಿಚಾ ಹಸುವಿನ ಕೊರಳ ಹಗ್ಗ ಸರಿಮಾಡಿದಳು. "ನನ್ನ ಮೊಮ್ಮಗಳು ತಾನೇ. ನೋಡ್ಬೇಕು ಅನ್ಸುತ್ತೆ. ನಿನ್ನ ಮುಂದೆ ಹಾಗನ್ನೋಕೆ ನಾಚಿಕೆ."

"ಹೋಗಿ ಬನ್ನಿ," ಎಂದಳು ಬುರುಲ್. "ಹಸು ನಾನು ನೋಡ್ಕೋತೀನಿ."

ಬಕೆಟ್ಟನ್ನು ಎತ್ತಿ ನಿಂತಾಗ ಎದೆಯಲ್ಲಿ ಎಲ್ಲೋ ಏನೋ ಚುಚ್ಚಿದಂತಾಯಿತು. ದುಃಖವೋ ಸಿಟ್ಟೋ ಅವಳಿಗೆ ಹೇಳಲಾಗುತ್ತಿರಲಿಲ್ಲ, ಅದು ಬಹಳ ಹೊತ್ತು ಇರಲೂ ಇಲ್ಲ. ನೊರೆ ಚೆಲ್ಲದಂತೆ ಹಾಲನ್ನು ಒಳಗೊಯ್ದು ಸೋಸಿದಳು. ಕಲಿಚಾಳಿಗೆ ಒಂದು ಬಟ್ಟಲು ಕೊಟ್ಟು, ತಾನೊಂದು ಬಟ್ಟಲು ಹಿಡಿದು ಅಂಗಳದ ಬಿಸಿಲಲ್ಲಿ ಅವಳ ಪಕ್ಕ ಕೂತಳು.